ಪ್ರಶ್ನೆ ಹದಿನೇಳು

ಟೋಕಿಯೋದ ಅಂಚಿನ ಈ ಉಗ್ರಾಣದಲ್ಲಿ
ನನ್ನ ಕೆಲಸ ಕಟ್ಟು ಬಿಚ್ಚುವುದು,
ತುಕ್ಕು ಹಿಡಿದ ಪಿನ್ನು ಕೀಳುವುದು,
ಸ್ಕ್ಯಾನರಿನ ಗಾಜಿನ ಮೇಲೆ ಕಾಗದವನ್ನು
ಬೋರಲಾಗಿ ಮಲಗಿಸುವುದು.
ದಿನಕ್ಕೆ ಮುನ್ನೂರು ಮನೆ.
ಹೆಸರಿಲ್ಲ ಯಾರಿಗೂ, ಬರೀ ನಂಬರು,
ಊರಿನ ಗುರುತು, ವಯಸ್ಸು, ಕಸುಬು.

ಐದು ವರ್ಷಕ್ಕೊಮ್ಮೆ ಇಡೀ ದೇಶವನ್ನು
ಅದೇ ಮಾತಿನಲ್ಲಿ ಕೇಳುತ್ತಾ ಬಂದಿದ್ದೇವೆ.
ಒಂದಕ್ಷರ ಆಚೀಚೆ ಮಾಡುವಂತಿಲ್ಲ.
ಮಗುವಿನ ಎತ್ತರ ಗೋಡೆಗೆ ಗೀಚುವ ಮನೆಯಲ್ಲಿ
ಗೋಡೆಯೂ ಬೆಳೆಯತೊಡಗಿದರೆ ಹೇಗೆ?
ಹಾಗಾಗಿ ಪ್ರಶ್ನೆಗಳಿಗೆ ವಯಸ್ಸಾಗಿದೆ.
‘ಮನೆಯ ಯಜಮಾನರು’ ಎಂದು ನಾನು ಓದಿದರೆ
ಒಸಾಕಾದ ಹುಡುಗರು ಮುಸಿಮುಸಿ ನಗುತ್ತಾರೆ.
ನಗಲಿ. ನಗುವಿಗೆ ನಮ್ಮಲ್ಲಿ ಅಂಕಿ ಇಲ್ಲ.

ಹದಿನೇಳನೆಯದು ಹೀಗಿದೆ:
ಮತ್ತೊಮ್ಮೆ ಹುಟ್ಟಿ ಬರುವುದಾದರೆ
ಗಂಡಾಗಿ ಹುಟ್ಟುವಿರೋ, ಹೆಣ್ಣಾಗಿಯೋ?
ಗಂಡು, ಒಂದು. ಹೆಣ್ಣು, ಎರಡು.
ಬೇರೆ ಏನಾದರೂ ಹೇಳಿದರೆ ಎಂಟು.
ಗೊತ್ತಿಲ್ಲ ಎಂದರೆ ಒಂಬತ್ತು.

ನಿನ್ನೆ ಕೈಗೆ ಬಂದದ್ದು ಐವತ್ತೆಂಟರ ಕಟ್ಟು.
ನೋತೋ ಕಡಲಂಚಿನ ಒಂದು ಕೇರಿ.
ನಂಬರು ನಲವತ್ತೊಂದು, ಹೆಂಗಸು, ಮೂವತ್ತನಾಲ್ಕು,
ಬಲೆ ಹೆಣೆಯುವವರು.
ಹದಿನೇಳಕ್ಕೆ ಒಂದು. ಶಾಯಿಯಲ್ಲಿ ದುಂಡನೆಯ ಸುತ್ತು.
ಆಶ್ಚರ್ಯವೇನಿಲ್ಲ, ಆ ಕಟ್ಟಿನ ಹೆಂಗಸರದೆಲ್ಲ
ಹೆಚ್ಚುಕಡಿಮೆ ಒಂದೇ.
ಆದರೆ ಅಂಚಿನಲ್ಲಿ, ಬರೆಯಬಾರದ ಜಾಗದಲ್ಲಿ,
ಸೀಸದ ಕಡ್ಡಿಯ ಸಣ್ಣ ಅಕ್ಷರ.
ಕೇಳಲು ಹೋದವನು ಕಾಲೇಜು ಹುಡುಗ,
ನೊಸಾಕಾ ಎಂದು ಸಹಿ:
“ಉತ್ತರಿಸುವ ಮುಂಚೆ ಒಳಬಾಗಿಲ ಕಡೆ ನೋಡಿದರು.
ಬೀಳ್ಕೊಡಲು ಬಾವಿಯವರೆಗೆ ಬಂದು ಕೇಳಿದರು,
ಆ ಜನ್ಮದಲ್ಲೂ ಬಲೆ ಇರುತ್ತದೆಯೇ ಎಂದು.
ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.”

ಅದರ ಕೆಳಗೆ ಯಾರೋ ಮೇಲಧಿಕಾರಿ, ಕೆಂಪಿನಲ್ಲಿ:
ಇಂಥವು ಬೇಡ.

ಅರವತ್ತು ವರ್ಷದ ಮೇಲೆ, ಲಾಟರಿಯ ಹಾಗೆ,
ಅದೇ ಕಡಲಂಚು ನನ್ನ ಪಾಲಿಗೆ ಬಂದಿತ್ತು.
ದಿನಕ್ಕೆ ಮೂರು ಬಸ್ಸು.
ಅರ್ಧ ಮನೆಗಳ ಕಿಟಕಿಗೆ ಹಲಗೆ ಹೊಡೆದಿತ್ತು.
ಒಂದು ಜಗಲಿಯಲ್ಲಿ ಎಪ್ಪತ್ತರ ಹೆಂಗಸು
ಮೂಲಂಗಿ ಸೀಳಿ ಒಣಹಾಕುತ್ತಿದ್ದರು.
ನಾನು ಪ್ರಶ್ನೆ ಮುಗಿಸುವ ಮೊದಲೇ ‘ಹೆಣ್ಣೇ’ ಎಂದರು.
‘ಗಂಡಾಗಿ ಏನು ಮಾಡಲಿ? ಒಳಗೊಬ್ಬರಿದ್ದಾರೆ ನೋಡಿ,
ನಿವೃತ್ತಿಯಾಗಿ ಹದಿನೈದು ವರ್ಷ,
ಸಾರಿನ ಬಟ್ಟಲು ಎಲ್ಲಿದೆಯೆಂದು ಇನ್ನೂ ಕೇಳುತ್ತಾರೆ.’
ಒಳಗಿನಿಂದ ಒಂದು ಕೆಮ್ಮು. ಇಬ್ಬರೂ ನಕ್ಕೆವು.
ಎರಡನ್ನು ಒತ್ತಿದೆ.
‘ನಮ್ಮಮ್ಮ ಇದ್ದಿದ್ದರೆ...’ ಎಂದು ನಿಲ್ಲಿಸಿ
ಅವರು ಚಾಕು ಒರೆಸಿಕೊಂಡರು.
ನಾನು ಹದಿನೆಂಟನೆಯದಕ್ಕೆ ಹೋದೆ.
ನಿಯಮ ಹಾಗಿದೆ.

ಇವರು ಅವರ ಮಗಳೋ?
ಇರಬಹುದು, ಇಲ್ಲದಿರಬಹುದು.
ಹೆಸರಿಲ್ಲದ ಕಾಗದ ಹೆಸರಿಲ್ಲದ ಕಾಗದವನ್ನು
ಅಮ್ಮ ಎಂದು ಕರೆಯಲಾರದು.
ನಮ್ಮ ವರದಿಯಲ್ಲಿ ಅವರಿಬ್ಬರೂ
ಒಂದೊಂದು ಚುಕ್ಕೆಯೂ ಅಲ್ಲ,
ಚುಕ್ಕೆಯೊಳಗಿನ ಧೂಳು.
ಚುಕ್ಕೆಯಿಂದ ಚುಕ್ಕೆಗೆ ಗೆರೆ ಏರಿದೆ,
ಸ್ಕೇಲಿಟ್ಟು ಎಳೆದದ್ದು.
ಮಂತ್ರಿಗಳು ಅದರ ಮೇಲೆ ಬೆರಳಿಟ್ಟು
ದೇಶ ಬದಲಾಗಿದೆ ಎನ್ನುತ್ತಾರೆ. ಸುಳ್ಳೇನಲ್ಲ.
ಯಾವ ದಿನ, ಯಾವ ಅಡುಗೆಮನೆಯಲ್ಲಿ?
ನಾವು ಆ ದಿನ ಹೋಗಿರಲಿಲ್ಲ.

ಸ್ಕ್ಯಾನರು ಶಾಯಿಯನ್ನು ಹಿಡಿಯುತ್ತದೆ,
ಕೆಂಪನ್ನೂ ಹಿಡಿಯುತ್ತದೆ,
ಸೀಸದ ಕಡ್ಡಿ ಅದಕ್ಕೆ ಕಾಣುವುದಿಲ್ಲ.
ಬೆಳಕು ಏರಿಸಿದೆ, ಇಳಿಸಿದೆ, ಮೂರು ಸಲ.
ಪರದೆಯ ಮೇಲೆ ಬೆಳ್ಳನೆಯ ಅಂಚು,
ಅದರಲ್ಲಿ ‘ಇಂಥವು ಬೇಡ’ ಮಾತ್ರ.
ಕೆಲಸ ಮುಗಿದ ಕಾಗದವೆಲ್ಲ
ಶುಕ್ರವಾರ ಚೂರಾಗಲು ಹೋಗುತ್ತದೆ.
ಇವತ್ತು ಬುಧವಾರ.

ದಾಖಲೆ ತಿದ್ದುವುದು ತಪ್ಪು, ಗೊತ್ತು.
ಮರಳಿನಲ್ಲಿ ಮಕ್ಕಳು ಅಕ್ಷರ ತಿದ್ದುತ್ತಾರಲ್ಲ,
ಹಾಗೆ, ಕಪ್ಪು ಪೆನ್ನು ಹಿಡಿದು
ಆ ಹುಡುಗನ ಒಂದೊಂದು ಗೆರೆಯ ಮೇಲೂ
ಕೈ ನಡೆಸುತ್ತಿದ್ದೇನೆ.
ಒಳಬಾಗಿಲು ಆಯಿತು. ಬಾವಿ ಆಯಿತು.
ಈಗ ಬಲೆ ಎಂಬಲ್ಲಿದ್ದೇನೆ.